ಪಾದ್ರಿಗಳ ಹೆಸರು ಗುಲಾಬಿಗೆ ಯಾಕೆ?

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಗುಲಾಬಿಯನ್ನು ಮಾತೆ ಮರಿಯಮ್ಮನ ಹೂವು ಎಂದಷ್ಟೇ ಹೇಳಿ ಮುಗಿಸಿದ್ದೀರಿ. ನನ್ನ ಬಳಿ ಇರುವ ಹಳೆಯ ತಳಿಗಳ ಪಟ್ಟಿಯಲ್ಲಿ 'ಡೀನ್ ಹೋಲ್', 'ರೆವರೆಂಡ್ ಡಾಂಬ್ರೇನ್' ಎಂಬ ಗುಲಾಬಿಗಳಿವೆ. ಪಾದ್ರಿಗಳಿಗೂ ಗುಲಾಬಿ ಗಿಡಕ್ಕೂ ಏನು ನಂಟು?"

ಸಂಪಾದಕರ ಉತ್ತರ:

ತಮಾಷೆ ಏನೆಂದರೆ, ಶುರುವಿನಲ್ಲಿ ಚರ್ಚಿನ ಹಿರಿಯರಿಗೆ ಗುಲಾಬಿ ದಂಡೆ ಕಂಡರೆ ಆಗುತ್ತಿರಲಿಲ್ಲ. ರೋಮನ್ನರು ಔತಣಕ್ಕೆ ಕೂತಾಗ ತಲೆಗೆ ಗುಲಾಬಿ ಸುತ್ತಿಕೊಳ್ಳುತ್ತಿದ್ದರು. ಯೇಸುವಿನ ತಲೆಗೆ ಮುಳ್ಳಿನ ಕಿರೀಟ, ನಮಗೆ ಹೂವಿನ ದಂಡೆಯೇ ಎಂಬುದು ಆ ಹಿರಿಯರಲ್ಲೊಬ್ಬರಾದ ಅಲೆಕ್ಸಾಂಡ್ರಿಯಾದ ಕ್ಲೆಮೆಂಟರ ತಕರಾರು. ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸರು ಬೇರೆ ದಾರಿ ತೋರಿಸಿದರು. ಸ್ವರ್ಗದ ತೋಟದಲ್ಲಿ ಗುಲಾಬಿಗೆ ಮುಳ್ಳೇ ಇರಲಿಲ್ಲ, ಮನುಷ್ಯ ಪಾಪ ಮಾಡಿದ ಮೇಲೆ ಬಂತು ಎಂದರು. ಪಾಪ ಸೋಕದ ಮರಿಯಮ್ಮ ಮುಳ್ಳಿಲ್ಲದ ಗುಲಾಬಿಯಾದದ್ದು ಇದರ ಮುಂದಿನ ಮಾತು.

ಆಮೇಲೆ ಬಂದದ್ದು ಪೋಪರ ಚಿನ್ನದ ಗುಲಾಬಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ನಾಲ್ಕನೇ ಭಾನುವಾರ ಅದನ್ನು ಆಶೀರ್ವದಿಸಿ ರಾಜರಾಣಿಯರಿಗೆ ಕಳಿಸುತ್ತಿದ್ದರು. ಇಂಗ್ಲೆಂಡಿನ ಎಂಟನೇ ಹೆನ್ರಿಗೂ ಒಂದಕ್ಕಿಂತ ಹೆಚ್ಚು ಸಲ ಹೋಗಿತ್ತು. ಆ ಪುಣ್ಯಾತ್ಮ ಕೊನೆಗೆ ಪೋಪರನ್ನೇ ಬಿಟ್ಟ, ಅದು ಬೇರೆ ಕಥೆ.

ಇಷ್ಟೂ ಹೂವಿನ ಮಾತಾಯಿತು. ಗಿಡದ ಬುಡಕ್ಕೆ ಕೈ ಹಾಕಿದ ಪಾದ್ರಿಗಳು ನಿಮ್ಮ ಪಟ್ಟಿಯಲ್ಲಿರುವವರು. ಸ್ಯಾಮ್ಯುಯೆಲ್ ರೆನಾಲ್ಡ್ಸ್ ಹೋಲ್ (1819-1904) ನಾಟಿಂಗ್‌ಹ್ಯಾಮ್ ಸೀಮೆಯ ಕಾಂಟನ್ ಎಂಬ ಹಳ್ಳಿಯ ಪಾದ್ರಿ. ಬೇರೆ ಹೂಗಳಿಗೆ ಪ್ರದರ್ಶನ ಇರುವಾಗ ಗುಲಾಬಿಗೆ ಯಾಕಿಲ್ಲ ಎಂದು ಹಟ ಹಿಡಿದು, 1858ರ ಜುಲೈ 1ರಂದು ಲಂಡನ್ನಿನ ಸೇಂಟ್ ಜೇಮ್ಸ್ ಹಾಲಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ಮಾಡಿಸಿಯೇ ಬಿಟ್ಟರು.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಅವರೇ ಬರೆದಿಟ್ಟ ಇನ್ನೊಂದು ಪ್ರಸಂಗ. ನಾಟಿಂಗ್‌ಹ್ಯಾಮಿನ ಕೂಲಿ ಕಾರ್ಮಿಕರಿಂದ ಕಾಗದ ಬಂತು: ಈಸ್ಟರ್ ಹೊತ್ತಿಗೆ ನಮ್ಮ ಗುಲಾಬಿ ಪ್ರದರ್ಶನ ಇದೆ, ಬಹುಮಾನ ಆರಿಸಲು ಬನ್ನಿ. ಆ ಚಳಿಯಲ್ಲಿ ಗುಲಾಬಿಯೇ? ಯಾರೋ ಸುಮ್ನೆ ಆಟ ಆಡಿಸುತ್ತಿದ್ದಾರೆ ಎಂದುಕೊಂಡರು ಹೋಲ್. ಹೋಗಿ ನೋಡಿದರೆ ಒಂದು ಪಬ್ಬಿನ ಕೋಣೆಯಲ್ಲಿ ನಿಜವಾಗಿಯೂ ಗುಲಾಬಿ! ಊರ ಅಂಚಿನ ಬಾಡಿಗೆ ತುಂಡುನೆಲದಲ್ಲಿ, ಪುಟ್ಟ ಗಾಜಿನ ಮನೆ ಕಟ್ಟಿಕೊಂಡು ಬೆಳೆಸಿದವು. ಹಿಮ ಬೀಳುವ ರಾತ್ರಿ ಏನು ಮಾಡುತ್ತಿದ್ದರು? ತಾವು ಹೊದೆಯುವ ಕಂಬಳಿಯನ್ನೇ ಒಯ್ದು ಗಿಡಕ್ಕೆ ಹೊದಿಸುತ್ತಿದ್ದರಂತೆ. ಮನೆಯ ಹೆಂಗಸರು ನಡುಗಿಕೊಂಡೇ ಮಲಗಿರಬೇಕು, ಪಾಪ. ಪೋಪರ ಚಿನ್ನದ ಗುಲಾಬಿಗಿಂತ ಈ ಕಂಬಳಿ ಹೊದ್ದ ಗುಲಾಬಿಯೇ ನನಗೆ ದೊಡ್ಡದು. ನೀವು ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.

1876ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಗುಲಾಬಿ ಸಂಘ ಹುಟ್ಟಿತು. ಅದಕ್ಕೆ ಓಡಾಡಿದವರು ಕೆಂಟ್ ಸೀಮೆಯ ಪಾದ್ರಿ ಡಾಂಬ್ರೇನ್, ಮೊದಲ ಅಧ್ಯಕ್ಷರು ಹೋಲ್. ಹೋಲ್ ಮುಂದೆ ರಾಚೆಸ್ಟರ್ ಕೆಥೆಡ್ರಲಿನ ಡೀನ್, ಅಂದರೆ ಅಲ್ಲಿನ ಮುಖ್ಯ ಪಾದ್ರಿ, ಆದರು. ನಿಮ್ಮ ಪಟ್ಟಿಯ 'ಡೀನ್ ಹೋಲ್' ಹೊರಬಂದದ್ದು ಅವರು ತೀರಿಕೊಂಡ ವರ್ಷವೇ.

ಇವರೆಲ್ಲರಿಗಿಂತ ಗಟ್ಟಿ ತೋಟಗಾರರು ಎಂದರೆ ಜೋಸೆಫ್ ಪೆಂಬರ್ಟನ್ (1852-1926). ಎಸೆಕ್ಸಿನ ಪಾದ್ರಿ. ತಂಗಿ ಫ್ಲಾರೆನ್ಸ್ ಜೊತೆ ಸೇರಿ ಹೈಬ್ರಿಡ್ ಮಸ್ಕ್ ಎಂಬ ಗೊಂಚಲು ಗುಲಾಬಿಗಳ ಕುಲವನ್ನೇ ಬೆಳೆಸಿದರು. ಅವರ ನಂತರ ಅದನ್ನು ಮುಂದುವರಿಸಿದವರು ಅವರ ತೋಟದ ಕೆಲಸಗಾರ ಬೆಂಟಾಲ್ ಮತ್ತು ಆತನ ಹೆಂಡತಿ. ಆ ತಳಿಗಳನ್ನು ನರ್ಸರಿಗಳು ಈಗಲೂ ಮಾರುತ್ತವೆ. ಅವುಗಳಲ್ಲಿ ಪಾದ್ರಿಯ ಹೆಸರು ಹುಡುಕಬೇಡಿ. 'ಡಾನೇ', 'ಥಿಸ್ಬಿ', 'ಪೆನೆಲೋಪಿ' ಎಂದು ಗ್ರೀಕ್-ರೋಮನ್ ಕಥೆಗಳ ಹೆಂಗಸರ ಹೆಸರಿಟ್ಟಿದ್ದಾರೆ ಆ ಮಹಾನುಭಾವರು!