ಡಾಕ್ಟ್ರೇ, ನಮ್ಮ ಹಸುವಿಗೆ ಮೇಲಿನ ಹಲ್ಲೇ ಇಲ್ಲ!

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಬಾಯಿ-ಹಲ್ಲಿನವೇ. ಓದುತ್ತಾ ಹೋದ ಹಾಗೆ ಒಂದು ವಿಷಯ ಕಂಡಿತು. ನಮ್ಮ ಹಲ್ಲಿನ ಲೆಕ್ಕವನ್ನೇ ಎಲ್ಲರೂ ದನಕ್ಕೂ ನಾಯಿಗೂ ಹಾಕುತ್ತಿದ್ದೀರಿ. ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅವಸರದ ಪ್ರಶ್ನೆಯೊಂದಿದೆ, ಮೊದಲು ಅದನ್ನು ಮುಗಿಸೋಣ.

ಪ್ರಶ್ನೆ: ಪಕ್ಕದ ಮನೆಯವರ ಹಸು ಮೇವು ಬಿಟ್ಟು ಒಂದೇ ಸಮನೆ ಜೊಲ್ಲು ಸುರಿಸುತ್ತಿತ್ತು. ಹಲ್ಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಅವರು ಬಾಯಿಗೆ ಕೈ ಹಾಕಿ ಹುಡುಕಿದರು. ಏನೂ ಸಿಗಲಿಲ್ಲ. ಆಮೇಲೆ ಬಂದ ಡಾಕ್ಟರು ಅವರಿಗೆ ಚೆನ್ನಾಗಿ ಬೈದರು. ಬೈಯುವಂಥದ್ದು ಏನಿತ್ತು? (ಆಲೂರು ತಾಲ್ಲೂಕಿನ ಓದುಗರು)

ಉತ್ತರ: ಬೈದದ್ದು ಸರಿ. ನಾನಾಗಿದ್ದರೂ ಬೈಯುತ್ತಿದ್ದೆ. ಜೊಲ್ಲು ಸುರಿಸುವ, ನುಂಗಲಾಗದ ಹಸುವಿಗೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ಗಂಟಲ ನರಗಳು ಸೋತು ಏನೋ ಸಿಕ್ಕಿಕೊಂಡ ಹಾಗೆಯೇ ಕಾಣುತ್ತದೆ, ಮೋಸವಾಗುವುದೇ ಅಲ್ಲಿ. ಕೂಗು ಬದಲಾಗಿ ಒಡಕಲಾಗಿದ್ದರೆ, ಹಿಂಗಾಲು ತೂರಾಡುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಕೈಯಲ್ಲಿ ಸಣ್ಣ ಗೀರು ಇದ್ದರೂ ಜೊಲ್ಲಿನಿಂದ ರೋಗ ದಾಟಬಹುದು. ಹಾಗೇನಾದರೂ ಕೈ ಹಾಕಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಷಯ ಮಾತಾಡಿ. ನಾಳೆ ನೋಡೋಣ ಅನ್ನಬೇಡಿ, ರೋಗದ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಜೊಲ್ಲಿಗೆ ಬೇರೆ ಕಾರಣಗಳೂ ಇವೆ. ನಾಲಿಗೆಯಲ್ಲಿ ಬೊಬ್ಬೆ, ಗೊರಸಿನ ಸಂದಿಯಲ್ಲಿ ಹುಣ್ಣು, ಜ್ವರ ಇದ್ದು ಕೊಟ್ಟಿಗೆಯ ಬೇರೆ ದನಕ್ಕೂ ಹಬ್ಬುತ್ತಿದ್ದರೆ ಕಾಲುಬಾಯಿ ರೋಗ. ನಮ್ಮ ಹಾಸನದ ಕಡೆ ಇನ್ನೊಂದಿದೆ, ಆಲೂಗಡ್ಡೆ. ಕಿತ್ತ ಹೊಲದಲ್ಲಿ ಉಳಿದ ಸಣ್ಣ ಗೆಡ್ಡೆಯನ್ನು ಹಸು ಇಡಿಯಾಗಿ ನುಂಗಲು ಹೋಗಿ ಅದು ಗಂಟಲಲ್ಲಿ ಕೂತರೆ ಜೊಲ್ಲು ಸುರಿಯುತ್ತದೆ, ಗಾಳಿ ಹೊರಗೆ ಬರದೆ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಕಾರಣ ಯಾವುದೇ ಇರಲಿ, ನೀವು ಮಾಡಬೇಕಾದದ್ದು ಪಶು ಸಹಾಯವಾಣಿ 1962ಕ್ಕೆ ಫೋನ್. ಕೈ ಹಾಕುವುದು ಡಾಕ್ಟರ ಕೆಲಸ, ಅವರೂ ಗ್ಲೌಸ್ ಇಲ್ಲದೆ ಹಾಕುವುದಿಲ್ಲ.

ಪ್ರಶ್ನೆ: ಜಾತ್ರೆಯಲ್ಲಿ ನಾಲ್ಕು ಹಲ್ಲಿನ ಹಸು ಎಂದು ಹೇಳಿ ಕೊಟ್ಟರು. ಮನೆಗೆ ತಂದು ಮಗ ಬಾಯಿ ಬಿಡಿಸಿ ನೋಡಿದರೆ ಮುಂದೆ ಮೇಲಿನ ಹಲ್ಲೇ ಇಲ್ಲ, ಕೆಳಗೆ ಎಂಟು ಇವೆ, ಅವೂ ಅಲ್ಲಾಡುತ್ತವೆ. ಮುದಿ ಹಸು ಕಟ್ಟಿಬಿಟ್ಟರಾ? (ಚನ್ನರಾಯಪಟ್ಟಣದ ಓದುಗರು)

ಉತ್ತರ: ಮಗನಿಗೆ ಸಮಾಧಾನ ಹೇಳಿ. ಹಸು, ಎಮ್ಮೆ, ಕುರಿ, ಮೇಕೆ ಯಾವುದಕ್ಕೂ ಮುಂದೆ ಮೇಲಿನ ಹಲ್ಲು ಇರುವುದೇ ಇಲ್ಲ. ಅಲ್ಲಿ ಗಟ್ಟಿ ವಸಡಿನ ಒಂದು ಮೆತ್ತೆ ಇರುತ್ತದೆ. ಕೆಳಗಿನ ಹಲ್ಲು ಚಾಕು, ಈ ಮೆತ್ತೆ ತರಕಾರಿ ಹೆಚ್ಚುವ ಮಣೆ ಅಂದುಕೊಳ್ಳಿ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಇವೆರಡರ ನಡುವೆ ಒತ್ತಿ ಹರಿಯುತ್ತದೆ. ನಿಜವಾದ ಅರೆಯುವ ಕೆಲಸ ಒಳಗಿನ ದವಡೆ ಹಲ್ಲಿನದು, ಮೇಲೆ 12, ಕೆಳಗೆ 12. ಮುಂದಿನ ಎಂಟು ಸೇರಿದರೆ 32. ನಮಗೂ 32, ಅದಕ್ಕೂ 32, ಆದರೆ ಹಂಚಿಕೆ ಬೇರೆ.

ಅಲ್ಲಾಡುವುದೂ ಸಹಜ. ಮುಂದಿನ ಹಲ್ಲು ಮೂಳೆಗೆ ಬಿಗಿಯಾಗಿ ಕಚ್ಚಿಕೊಂಡಿರುವುದಿಲ್ಲ, ಸ್ವಲ್ಪ ಬಾಗಿಕೊಡುತ್ತದೆ. ಹಾಗಿಲ್ಲದಿದ್ದರೆ ದಿನವಿಡೀ ಒತ್ತಿ ಒತ್ತಿ ಮೇಲಿನ ಮೆತ್ತೆ ಗಾಯವಾಗುತ್ತಿತ್ತು.

ಈಗ ವಯಸ್ಸು. ಎಂಟು ಹಲ್ಲು ಇವೆ ಅಂದ ಮಾತ್ರಕ್ಕೆ ಬಾಯಿಗೂಡಿದೆ, ಅಂದರೆ ಎಂಟೂ ದೊಡ್ಡ ಹಲ್ಲು ಬಂದಿವೆ ಅಂತ ಅಲ್ಲ. ಕರುವಿಗೂ ಮುಂದೆ ಎಂಟು ಹಾಲುಹಲ್ಲು ಇರುತ್ತವೆ. ಅವು ನಡುವಿನಿಂದ ಜೋಡಿ ಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ. ಸುಮಾರು ಎರಡು, ಎರಡೂವರೆ ವರ್ಷಕ್ಕೆ ಎರಡು ಹಲ್ಲು, ಮೂರರ ಆಸುಪಾಸಿಗೆ ನಾಲ್ಕು, ಮೂರೂವರೆ ಹತ್ತಿರ ಆರು, ನಾಲ್ಕು ದಾಟುವ ಹೊತ್ತಿಗೆ ಬಾಯಿಗೂಡುತ್ತದೆ. ಮಿಶ್ರತಳಿಯಲ್ಲಿ ಸ್ವಲ್ಪ ಬೇಗ, ಹಳ್ಳಿಕಾರ್, ಅಮೃತಮಹಲ್‌ನಂಥ ನಾಟಿ ದನದಲ್ಲಿ ಸ್ವಲ್ಪ ನಿಧಾನ. ನಡುವಿನ ನಾಲ್ಕು ಅಗಲವಾಗಿದ್ದು ಅಂಚಿನ ನಾಲ್ಕು ಚಿಕ್ಕದಾಗಿ, ಬಿಳುಪಾಗಿದ್ದರೆ ಮಾರಿದವರು ಹೇಳಿದ್ದು ನಿಜ. ಎಂಟೂ ಅಗಲವಾಗಿ, ತುದಿ ಸವೆದು, ನಡುವೆ ಸಂದಿ ಬಿಟ್ಟಿದ್ದರೆ ಮಾತ್ರ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿ. ಬಾಯಿಗೂಡಿದ ಮೇಲೆ ಸವೆತ ನೋಡಿ ಅಂದಾಜು ಹೇಳಬೇಕಷ್ಟೆ, ಆ ಅಂದಾಜಿನಲ್ಲೇ ಜಾತ್ರೆಯ ಅರ್ಧ ವ್ಯಾಪಾರ ನಡೆಯುವುದು.

ಎಲ್ಲರೂ ಮುಂದಿನ ಹಲ್ಲು ನೋಡುತ್ತೀರಿ, ದವಡೆ ಹಲ್ಲು ಯಾರೂ ನೋಡುವುದಿಲ್ಲ. ಹಸು ಅರೆಯುವುದು ಅಡ್ಡಡ್ಡ. ಕೆಳದವಡೆ ಮೇಲಿನದಕ್ಕಿಂತ ಕಿರಿದು, ಹಾಗಾಗಿ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಚೂಪಾಗಿ ಕೆನ್ನೆಯನ್ನೋ ನಾಲಿಗೆಯನ್ನೋ ಕೊರೆಯಬಹುದು. ಆಗ ಮೆಲುಕಿನ ಉಂಡೆ ಬಾಯಿಂದ ಜಾರಿ ಗೊಂತಿಗೆ ಬೀಳುತ್ತದೆ, ಒಂದು ಕೆನ್ನೆಯಲ್ಲಿ ಮೇವು ತುಂಬಿಕೊಂಡು ನಾರುತ್ತದೆ, ಸಗಣಿಯಲ್ಲಿ ರಾಗಿ ಹುಲ್ಲಿನ ಉದ್ದುದ್ದ ಎಳೆ ಕಾಣುತ್ತದೆ. ಹಿಂಡಿ ಬೂಸಾ ತಿನ್ನುತ್ತೆ, ಹುಲ್ಲು ಮಾತ್ರ ಮುಟ್ಟಲ್ಲ, ಸೊರಗುತ್ತಿದೆ ಅನ್ನುವವರು ಜಂತಿನ ಔಷಧಿ ಮೇಲೆ ಔಷಧಿ ಕುಡಿಸುವ ಮೊದಲು ಈ ಹಲ್ಲು ತೋರಿಸಿ. ಡಾಕ್ಟರು ಅರದಿಂದ ಉಜ್ಜಿ ಚೂಪು ತೆಗೆಯುತ್ತಾರೆ.

ಪ್ರಶ್ನೆ: ನಮ್ಮಲ್ಲೇ ಹುಟ್ಟಿ ಬೆಳೆದ ಮೂರು ಹಸುಗಳ ಹಲ್ಲಿನಲ್ಲಿ ಕಂದು ಕಲೆ, ಗುಳಿ. ಹೊರಗಿಂದ ತಂದ ಹಸುವಿನ ಹಲ್ಲು ಬೆಳ್ಳಗಿದೆ. ಎಲ್ಲಕ್ಕೂ ಅದೇ ಮೇವು, ಅದೇ ಬೋರ್ ನೀರು. ಯಾಕೆ ಹೀಗೆ? (ಕಡೂರು ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಇದು ಫ್ಲೋರೋಸಿಸ್ ಇರಬೇಕು. ಕಡೂರು, ಅರಸೀಕೆರೆ ಬಯಲಿನ ಕೆಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ದವಡೆಯೊಳಗೆ ತಯಾರಾಗುವಾಗ ಮಾತ್ರ ಅದು ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಕೆಡಿಸುತ್ತದೆ. ದನದಲ್ಲಿ ಆ ಕಾಲ ಸುಮಾರು ಆರು ತಿಂಗಳಿಂದ ಮೂರು ವರ್ಷದವರೆಗೆ. ಹೊರಗಿಂದ ಬಂದ ಹಸು ಬಾಯಿಗೂಡಿದ ಮೇಲೆ ಬಂದಿರಬೇಕು, ಅದರ ಹಲ್ಲಿಗೆ ಇನ್ನು ಕಲೆ ಬರುವುದಿಲ್ಲ. ಮೂಳೆಗೆ ಮಾತ್ರ ಫ್ಲೋರೈಡ್ ಸೇರುತ್ತಲೇ ಇರುತ್ತದೆ. ವರ್ಷಗಟ್ಟಲೆ ಕುಡಿದರೆ ಕುಂಟು ಬರಬಹುದು.

ಬಂದ ಕಲೆ ಯಾವ ಔಷಧಿಗೂ ಹೋಗುವುದಿಲ್ಲ. ಇಂಥ ಹಲ್ಲು ಬೇಗ ಸವೆಯುತ್ತದೆ. ತಣ್ಣೀರು ಕುಡಿಯಲು ಹಿಂಜರಿದರೆ ಹಲ್ಲಿನ ಒಳನರ ತೆರೆದುಕೊಂಡಿದೆ ಎಂದು ತಿಳಿಯಿರಿ. ಮೇವನ್ನು ಕತ್ತರಿಸಿ ಕೊಡಿ. ಕರುಗಳಿಗಾದರೂ ಮಳೆನೀರು ಅಥವಾ ಬೇರೆ ನೀರು ಹೊಂದಿಸಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಹಸುವಿಗಿಂತ ನನಗೆ ಚಿಂತೆ ಬೇರೆ. ಮನೆಯ ಮಕ್ಕಳು ಕುಡಿಯುವುದೂ ಅದೇ ನೀರಲ್ವಾ? ಮನುಷ್ಯರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5. ಮೊದಲು ನೀರು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ. ಕಣ್ಣಿನ ಕೆಳಗೆ ಊದಿ ಕೀವು ಬರುತ್ತದೆ. ಇಂಜೆಕ್ಷನ್ ಕೊಡಿಸಿದರೆ ಒಣಗುತ್ತೆ, ತಿಂಗಳು ಕಳೆದರೆ ಮತ್ತೆ ಶುರು. ಕಣ್ಣಿನ ಮುಲಾಮು ಹಚ್ಚುತ್ತಿದ್ದೇವೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಮುಲಾಮು ನಿಲ್ಲಿಸಿ, ಬಾಯಿ ನೋಡಿಸಿ. ನಾಯಿಗೆ 42 ಹಲ್ಲು. ಅದರಲ್ಲಿ ಮೇಲಿನ ದೊಡ್ಡ ಕತ್ತರಿ ಹಲ್ಲಿಗೆ ಮೂರು ಬೇರು, ಆ ಬೇರಿನ ತುದಿ ಇರುವುದು ಕಣ್ಣಿನ ಸ್ವಲ್ಪ ಕೆಳಗೆ. ಮೂಳೆಯನ್ನೋ ಕಲ್ಲನ್ನೋ ಕಡಿದು ಆ ಹಲ್ಲು ಸೀಳಿದರೆ ಸೋಂಕು ಬೇರಿಗಿಳಿದು ಕೀವು ಕೆನ್ನೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಹಲ್ಲು ಹಾಗೇ ಇರುವವರೆಗೆ ಇಂಜೆಕ್ಷನ್ ಬರೀ ತಾತ್ಕಾಲಿಕ. ಎಕ್ಸ್‌ರೇ ತೆಗೆದು, ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕು, ಇಲ್ಲವೇ ರೂಟ್ ಕೆನಾಲ್ ಮಾಡಬೇಕು. ಹತ್ತಿರದಲ್ಲಿ ಆಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ನೋವಿದ್ದರೆ ಊಟ ಬಿಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬಿಡುವುದಿಲ್ಲ. ಹಲ್ಲುನೋವಿದ್ದರೂ ನಾಯಿ ಇನ್ನೊಂದು ಬದಿಯಲ್ಲಿ ಅಗಿದು ತಟ್ಟೆ ಖಾಲಿ ಮಾಡುತ್ತದೆ.

ಉಳಿದ ಹಲ್ಲು ಕಾಪಾಡಿಕೊಳ್ಳಿ. ದಿನಾ ಮುದ್ದೆ-ಹಾಲು ತಿನ್ನುವ ನಾಯಿಯ ಹಲ್ಲಿನ ಬುಡದಲ್ಲಿ ಮೆತ್ತುವ ಪಾಚಿ ಕೆಲವೇ ದಿನದಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಬರುವುದಿಲ್ಲ. ಮೆತ್ತಗಿನ ಬ್ರಷ್, ನಾಯಿಯದೇ ಪೇಸ್ಟ್ ಬಳಸಿ. ನಮ್ಮ ಪೇಸ್ಟ್ ಬೇಡ, ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟಿನಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ. ಅರಿವಳಿಕೆ ಇಲ್ಲದೆ ಹಲ್ಲು ಕೆರೆದು ಬೆಳ್ಳಗೆ ಮಾಡಿಕೊಡುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ರೋಗ ಇರುವುದು ವಸಡಿನ ಒಳಗೆ, ಅವರು ಕೆರೆಯುವುದು ಹೊರಗೆ.

ಪ್ರಶ್ನೆ: ಮೊಲದ ಮುಂದಿನ ಹಲ್ಲು ಉದ್ದ ಬೆಳೆದು ಸೊಟ್ಟಗಾಗಿದೆ. ಉಗುರು ಕಟರ್‌ನಲ್ಲಿ ಕತ್ತರಿಸಲೇ? (ಸಕಲೇಶಪುರದ ಓದುಗರು)

ಉತ್ತರ: ಬೇಡ, ಹಲ್ಲು ಬುಡದವರೆಗೆ ಸೀಳುತ್ತದೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಮೇಲಿನದು ಕೆಳಗಿನದಕ್ಕೆ ಉಜ್ಜಿ ಸವೆಯಬೇಕು. ಡಾಕ್ಟರು ಸಣ್ಣ ಮೆಷಿನ್ನಿನಲ್ಲಿ ಸಮ ಮಾಡುತ್ತಾರೆ, ದವಡೆ ಹಲ್ಲನ್ನೂ ನೋಡಲು ಹೇಳಿ. ಬಿಸ್ಕತ್ತು, ಅನ್ನ, ಬರೀ ಕ್ಯಾರೆಟ್ ನಿಲ್ಲಿಸಿ. ದಿನವಿಡೀ ಹುಲ್ಲು ಇರಲಿ, ಒಣಗಿದ್ದಾದರೂ ಸರಿ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತಿದ್ದರೆ ಬೆಳಗಾಗಲಿ ಎಂದು ಕಾಯದೆ ಕರೆದುಕೊಂಡು ಹೋಗಿ.