ಮೊಣಕಾಲಿನ ಕೆಳಗೊಂದು ಗಂಟು, ಮನೆ ತುಂಬಾ ಭಯ

ಕಾವ್ಯ ಒಂಬತ್ತನೇ ಕ್ಲಾಸಿನ ಹುಡುಗಿ, 14 ವರ್ಷ. (ಹೆಸರು, ಗುರುತಿನ ವಿವರ ಬದಲಾಯಿಸಿದ್ದೇನೆ.) ಶಾಲೆಯ ಕಬಡ್ಡಿ ತಂಡದಲ್ಲಿ ಒಳ್ಳೆಯ ರೈಡರ್. ಇದ್ದಕ್ಕಿದ್ದಂತೆ ಪ್ರಾಕ್ಟೀಸಿಗೆ ಬರುವುದನ್ನು ಬಿಟ್ಟಳು. ಓದಿನ ಟೆನ್ಷನ್ ಇರಬೇಕು ಅಂತ ಪಿಟಿ ಮೇಷ್ಟ್ರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದರು.

ಓದಿನ ಮಾತು ಬೇಗ ಮುಗಿಯಿತು. "ಮೇಡಂ, ಒಂದು ತೋರಿಸ್ಲಾ?" ಅಂತ ಪ್ಯಾಂಟನ್ನು ಮೊಣಕಾಲಿನವರೆಗೆ ಸರಿಸಿದಳು. ಚಿಪ್ಪಿನಿಂದ ಮೂರು ಬೆರಳು ಕೆಳಗೆ, ಕಾಲಿನ ಒಳಬದಿಗೆ, ಅಡಿಕೆ ಗಾತ್ರದ ಗಂಟು. ಚರ್ಮ ಕೆಂಪಾಗಿರಲಿಲ್ಲ. ಒತ್ತಿದರೆ ಗಟ್ಟಿ, ಅಲ್ಲಾಡೋದಿಲ್ಲ ಅಂದಳು. ಓಡಿದ ಮೇಲೆ, ಮೆಟ್ಟಿಲು ಹತ್ತುವಾಗ ಮೊಣಕಾಲು ನೋವು.

ಮನೆಯಲ್ಲಿ ಅಜ್ಜಿ ದಿನಾ ರಾತ್ರಿ ಎಳ್ಳೆಣ್ಣೆ ಬಿಸಿ ಮಾಡಿ, ಗಂಟು ಕರಗಲಿ ಅಂತ ತಿಕ್ಕುತ್ತಿದ್ದರು. ಅಪ್ಪನದು "ಆಟ ಬಿಡು, ತಾನೇ ಹೋಗುತ್ತೆ" ಅನ್ನುವ ಮಾತು. ಅಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಅವರನ್ನು ಕರೆಸಿ ಮಾತಾಡಿಸಿದಾಗ ಕಾರಣ ತಿಳಿಯಿತು. ಅವರ ಅಣ್ಣ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. "ಡಾಕ್ಟರ್ ಹತ್ರ ಹೋದ್ರೆ ಅದೇ ಹೆಸರು ಹೇಳಿಬಿಟ್ರೆ ಏನ್ ಮಾಡ್ಲಿ ಮೇಡಂ?" ಅಂದರು. ಈ ಮಾತನ್ನು ಅವರು ಅಡುಗೆಮನೆಯಲ್ಲಿ ತಂಗಿಗೆ ಹೇಳುತ್ತಿದ್ದಾಗ ಕಾವ್ಯ ಕೇಳಿಸಿಕೊಂಡಿದ್ದಳು. ಅಂದಿನಿಂದ ನೋವಾದರೂ ಹೇಳುತ್ತಿರಲಿಲ್ಲ. ಅಮ್ಮನನ್ನು ಹೆದರಿಸಬಾರದು ಅಂತ ಮಗಳು, ಮಗಳನ್ನು ಹೆದರಿಸಬಾರದು ಅಂತ ಅಮ್ಮ. ನನಗೆ ಗಂಟಿಗಿಂತ ಹೆಚ್ಚು ಚಿಂತೆಯಾದದ್ದು ಇದೇ.

ಸುಳ್ಳು ಧೈರ್ಯ ಹೇಳಲು ನನಗೆ ಮನಸ್ಸು ಬರಲಿಲ್ಲ. ಈ ವಯಸ್ಸಿನಲ್ಲಿ ಕಾಣುವ ಇಂಥ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲ. ಆದರೆ ಮೂಳೆಯ ಒಂದು ಬಗೆಯ ಕ್ಯಾನ್ಸರ್ ಹದಿಹರೆಯದಲ್ಲೇ ಜಾಸ್ತಿ ಬರುವುದು, ಅದೂ ಮೊಣಕಾಲಿನ ಸುತ್ತಮುತ್ತ. ಹಾಗಾಗಿ ಎಕ್ಸ್‌ರೇ ತಪ್ಪಿಸುವಂತಿಲ್ಲ. ಮುಟ್ಟಿ ನೋಡಿ ಇಂಥದ್ದೇ ಅಂತ ನಾನೂ ಹೇಳಲಾರೆ, ಅಜ್ಜಿಯೂ ಹೇಳಲಾರರು. ಏನೆಂದು ಗೊತ್ತಾಗುವವರೆಗೆ ತಿಕ್ಕುವುದು, ಪಟ್ಟು ಹಾಕುವುದು, ಕಟ್ಟು ಕಟ್ಟಿಸುವುದು ಎಲ್ಲ ನಿಲ್ಲಲಿ ಅಂದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಸುಮ್ನೆ ಕೂತಾಗಲೂ ನೋವು, ಗಂಟು ಬೇಗ ದೊಡ್ಡದಾಗುವುದು, ಜ್ವರ, ತೂಕ ಇಳಿಯುವುದು, ಕುಂಟುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಹೋಗಬೇಕು. ಕಾವ್ಯಳಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ. ಆದರೂ ಆ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ ಅಂದೆ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಡಾಕ್ಟರ್ ಹೇಳುವಾಗ ಕಾವ್ಯ ಒಳಗೇ ಇರಬೇಕು. "ನೀನು ಹೊರಗೆ ಕೂತ್ಕೋ" ಅಂದರೆ ಮಕ್ಕಳು ನಿಜಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ.

ಎಕ್ಸ್‌ರೇಯಲ್ಲಿ ಕಂಡದ್ದು ಆಸ್ಟಿಯೋಕಾಂಡ್ರೋಮಾ. ಮೂಳೆಯ ತುದಿಯ ಹತ್ತಿರ ಮಕ್ಕಳ ಎತ್ತರ ಬೆಳೆಸುವ ಮೃದ್ವಸ್ಥಿಯ (ಮೆತ್ತನೆಯ ಎಲುಬು, ಕಾರ್ಟಿಲೇಜ್) ಪದರ ಇರುತ್ತದೆ. ಅದರ ಒಂದು ಚೂರು ಪಕ್ಕಕ್ಕೆ ಸರಿದು ಅಲ್ಲೇ ಮೂಳೆಯಾಗಿ ಬೆಳೆದರೆ ಇಂಥ ಗಂಟು. ಕ್ಯಾನ್ಸರ್ ಅಲ್ಲ. ಮೊಣಕಾಲು ಮಡಚಿ ಬಿಡಿಸುವಾಗ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹಗ್ಗದಂಥ ಭಾಗ) ಅದರ ಮೇಲೆ ಉಜ್ಜುತ್ತದೆ, ನೋವು ಬರುವುದು ಅದರಿಂದ. ಅಪ್ಪ, ಅಮ್ಮ, ಅಣ್ಣ ಯಾರಿಗಾದರೂ ಇಂಥ ಗಂಟು ಇದೆಯಾ ಅಂತ ಡಾಕ್ಟರ್ ಕೇಳಿದರಂತೆ. ಮೈಯ ಹಲವು ಕಡೆ ಇಂಥ ಗಂಟು ಏಳುವ ತೊಂದರೆ ಕೆಲವು ಮನೆತನಗಳಲ್ಲಿ ಬರುತ್ತದೆ. ಇವರಲ್ಲಿ ಯಾರಿಗೂ ಇರಲಿಲ್ಲ. ನೋವು ತೀರಾ ಕಾಡಿದರೆ, ನರವನ್ನೋ ರಕ್ತನಾಳವನ್ನೋ ಒತ್ತಿದರೆ ಆಪರೇಷನ್. ಇಲ್ಲದಿದ್ದರೆ ಆಗಾಗ ತೋರಿಸಿಕೊಂಡರೆ ಸಾಕು. ಪ್ಯಾಡ್ ಹಾಕಿಕೊಂಡು ಆಡಬಹುದು ಅಂದಿದ್ದಾರೆ.

ಎತ್ತರ ಬೆಳೆಯುವುದು ನಿಂತಾಗ ಗಂಟೂ ನಿಲ್ಲಬೇಕು. ಆಮೇಲೂ ಅದು ಬೆಳೆದರೆ, ಹೊಸದಾಗಿ ನೋವು ಶುರುವಾದರೆ ಮತ್ತೆ ತೋರಿಸಲೇಬೇಕು. ಒಂದೇ ಗಂಟು ಇರುವವರಲ್ಲಿ ಅದು ಕ್ಯಾನ್ಸರ್ ಆಗುವುದು ಅಪರೂಪ, ಶೇಕಡಾ 1ರ ಆಸುಪಾಸು. ಇದನ್ನೂ ಕಾವ್ಯಳ ಎದುರಿಗೇ ಮಾತಾಡಿದೆವು.

ರಿಪೋರ್ಟ್ ಬಂದ ಮೇಲೂ ಅಮ್ಮ ರಾತ್ರಿ ಎದ್ದು ಮಗಳ ಕಾಲು ಮುಟ್ಟಿ ನೋಡುತ್ತಿದ್ದರು. ಪಾಪ, ಅಣ್ಣನನ್ನು ಕಳೆದುಕೊಂಡ ನೋವು ಒಂದು ಕಾಗದದಿಂದ ಹೋಗುವುದಿಲ್ಲ. ತಿಂಗಳಿಗೊಮ್ಮೆ, ಹಗಲಲ್ಲಿ, ಕಾವ್ಯಳನ್ನು ಕೇಳಿಕೊಂಡೇ ಕಾಲು ಮುಟ್ಟಿ ನೋಡಿ ಅಂದೆ. ಅಣ್ಣನ ಬಗ್ಗೆ ಮಾತಾಡಲು ಅವರೊಬ್ಬರೇ ಬಂದು ಹೋಗುತ್ತಿದ್ದಾರೆ. ಗೆಳತಿಯರು ಕೇಳಿದರೆ ಏನು ಹೇಳಲಿ ಅನ್ನುವುದು ಕಾವ್ಯಳ ಪ್ರಶ್ನೆ. "ಮೂಳೆ ಒಂಚೂರು ಜಾಸ್ತಿ ಬೆಳೆದಿದೆ, ಡಾಕ್ಟರಿಗೆ ತೋರಿಸಿದ್ದೀನಿ" ಅಂದರೆ ಸಾಕಲ್ವಾ ಅಂದೆ. ಮುಂದಿನ ಎಕ್ಸ್‌ರೇಗೆ ಅಪ್ಪನೂ ಜೊತೆಗೆ ಬರಬೇಕು ಅಂತ ಅವಳೇ ಕೇಳಿದ್ದಾಳೆ. ಅವರು ಒಪ್ಪಿದ್ದಾರೆ.