ನಂಬಿಕೆ ಹೋಗಿದೆ ಎಂದು ಅಮ್ಮನಿಗೆ ಹೇಗೆ ಹೇಳಲಿ?

ಊರಿಗೆ ಹೋದಾಗಲೆಲ್ಲ ಅಮ್ಮ ಲಿಂಗಪೂಜೆಗೆ ಕೂರಿಸುತ್ತಾರೆ, ಎರಡು ವರ್ಷದಿಂದ ಸುಮ್ಮನೆ ನಟಿಸುತ್ತಿದ್ದೇನೆ, ಈ ಶ್ರಾವಣದೊಳಗೆ ಹೇಳಿಬಿಡಬೇಕು, ಹೇಗೆ ಹೇಳಿದರೆ ಒಪ್ಪುತ್ತಾರೆ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ 1998ರ ಒಂದು ಶ್ರಾವಣ ಸೋಮವಾರ ಕಣ್ಣ ಮುಂದೆ ಬಂದು ನಿಂತಿತು. ನಾನೂ ಹೀಗೇ ಹೇಳಿಬಿಟ್ಟಿದ್ದೆ. ಹನ್ನೊಂದು ವರ್ಷ ಅದರ ಬೆಲೆ ತೆತ್ತಿದ್ದೇನೆ.

ನನಗಾಗ ಇಪ್ಪತ್ಮೂರು. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಊರು ಹಾವೇರಿ ಜಿಲ್ಲೆಯಲ್ಲಿ. ಅದು ಹೊಸ ಜಿಲ್ಲೆಯಾಗಿ ವರ್ಷವಷ್ಟೇ ಆಗಿತ್ತು. ಒಕ್ಕಲುತನದ ಲಿಂಗಾಯತರ ಮನೆ, ಹೊತ್ತಿಗೆ ಒಂಬತ್ತು ಜನರ ಊಟ. ಎಂಟನೆಯ ವಯಸ್ಸಿನಲ್ಲಿ ನನಗೂ ತಮ್ಮನಿಗೂ ಒಂದೇ ದಿನ, ಕೊರಳಿಗೆ ಇಷ್ಟಲಿಂಗ ಕಟ್ಟುವ ಲಿಂಗದೀಕ್ಷೆಯಾಗಿತ್ತು. ನಂಬಿಕೆ ಹೇಗೆ ಹೋಯಿತು ಎಂದು ಬರೆಯುವುದಿಲ್ಲ, ಅದು ನಿಮಗೆ ಗೊತ್ತಿರುವಂಥದ್ದೇ. ಜಗಳವಾಡಿ ಹೋಗಲಿಲ್ಲ, ಒಂದು ದಿನ ನೋಡಿದರೆ ಇರಲಿಲ್ಲ. ಧಾರವಾಡದ ಕೋಣೆಯಲ್ಲಿ ಕರಡಿಗೆಯನ್ನು, ಅಂದರೆ ಲಿಂಗವಿಡುವ ಬೆಳ್ಳಿಯ ಭರಣಿಯನ್ನು, ಬಿಚ್ಚಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಊರಿಗೆ ಹೊರಡುವ ದಿನ ಮತ್ತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದೆ. ಬೆಳಗ್ಗೆ ಅವ್ವ ಒಲೆಯ ಮುಂದಿನಿಂದಲೇ "ಪೂಜೆ ಆಯಿತೇನು?" ಎಂದು ಕೂಗಿದರೆ, "ಆಯಿತವ್ವ" ಎನ್ನುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಆ ಸೋಮವಾರ ಮನೆಗೆ ನಮ್ಮವರ ಪೂಜೆ, ದೀಕ್ಷೆ ನಡೆಸುವ ಅಯ್ಯನವರು ಪ್ರಸಾದಕ್ಕೆ ಬಂದಿದ್ದರು. ಸೋದರತ್ತೆ ಬಂದಿದ್ದಳು, ಪಕ್ಕದ ಮನೆಯವರೂ ಇದ್ದರು. ಎಲ್ಲರೂ ಪಂಕ್ತಿಯಲ್ಲಿ ಕುಳಿತಿದ್ದೆವು. ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಬಡಿಸುತ್ತಾ ನನ್ನ ಮುಂದೆ ಬಂದವಳು ಎಂದಿನಂತೆ ಕೇಳಿದಳು. ಹಿಂದಿನ ರಾತ್ರಿಯೆಲ್ಲ ನಾನು ಮನಸ್ಸಿನಲ್ಲೇ ಮಾತು ಕಟ್ಟಿಕೊಂಡಿದ್ದೆ. "ಇಲ್ಲ. ಇನ್ನು ಮುಂದೆ ಮಾಡುವುದೂ ಇಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾಯಕದಲ್ಲಿ ನಿರತನಾದಡೆ ಲಿಂಗಪೂಜೆಯಾದಡೂ ಮರೆಯಬೇಕು ಎಂದು ವಚನಕಾರ ಆಯ್ದಕ್ಕಿ ಮಾರಯ್ಯನೇ ಹೇಳಿದ್ದಾನೆ, ನೀವು ಯಾರೂ ವಚನಗಳನ್ನು ಓದಿಯೇ ಇಲ್ಲ, ಕಲ್ಲಿಗೆ ನೀರು ಹಾಕುತ್ತಾ ಕುಳಿತಿದ್ದೀರಿ ಎಂದೆ. ಕೊರಳಿನ ಶಿವದಾರ ತೆಗೆದು ಕರಡಿಗೆಯನ್ನು ನೆಲದ ಮೇಲೆ, ಪಲ್ಯದ ಬೋಗುಣಿಯ ಪಕ್ಕಕ್ಕೆ ಇಟ್ಟೆ.

ಯಾರೂ ಮಾತನಾಡಲಿಲ್ಲ. ಅವ್ವ ಬುಟ್ಟಿಯನ್ನು ಕೆಳಗಿಟ್ಟಳು. ಹಿಟ್ಟಿನ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಕರಡಿಗೆಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. "ಓದಿಸಿದ್ದು ಹೆಚ್ಚಾಯಿತು" ಎಂದಳು ಅತ್ತೆ. ಅಪ್ಪ ಅರ್ಧ ಊಟಕ್ಕೇ ಎದ್ದರು. ಅವ್ವ ಹೊರಗೆ ಬಂದು, ಉಳಿದವರಿಗೆ ರೊಟ್ಟಿ ಬಡಿಸಿ ಮುಗಿಸಿದಳು.

ಈಗ ನನ್ನ ತಪ್ಪು ಯಾವುದೆಂದು ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ. ನೀವು ಅದೇ ಹಳ್ಳದ ದಂಡೆಯ ಮೇಲೆ ನಿಂತಿದ್ದೀರಿ ಎಂದು ನನಗೆ ಅನ್ನಿಸುತ್ತಿದೆ.

ನಂಬದೇ ಇದ್ದದ್ದು ತಪ್ಪಲ್ಲ. ಹೇಳಿದ್ದೂ ತಪ್ಪಲ್ಲ. ನಾಲ್ಕು ಜನರ ಎದುರು ಹೇಳಿದ್ದು ತಪ್ಪೇ, ಆದರೆ ಅದು ಸಣ್ಣದು; ಅದನ್ನು ಅವ್ವ ಒಂದು ವಾರದಲ್ಲಿ ಮರೆಯುತ್ತಿದ್ದಳು. ನನ್ನ ತಪ್ಪು ಇದು: ಆ ಹೊತ್ತಿಗೆ ಅವ್ವನದೇ ಪೂಜೆ ಆಗಿರಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಮ್ಮಲ್ಲಿ ಲಿಂಗಪೂಜೆಯಾಗದೆ ತುತ್ತು ಎತ್ತುವಂತಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಅವ್ವ ಐದಕ್ಕೆ ಏಳುತ್ತಿದ್ದಳು. ದನದ ಕೆಲಸ, ನೀರು, ಕಸ, ಒಂಬತ್ತು ಜನರಿಗೆ ರೊಟ್ಟಿ, ಹೊಲಕ್ಕೆ ಬುತ್ತಿ. ಎಲ್ಲರ ತಾಟು ಎದ್ದ ಮೇಲೆ, ಹನ್ನೊಂದು ಹೊಡೆದ ನಂತರ, ಹಿತ್ತಿಲ ಬಾಗಿಲ ಬಳಿಯ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದಳು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ನೀರಿನ ಪುಟ್ಟ ಗಿಂಡಿ. ವಿಭೂತಿ, ಒಂದು ಪತ್ರಿ, ಆಮೇಲೆ ಲಿಂಗವನ್ನೇ ನೋಡುತ್ತಾ ಕೂರುವುದು. ಕಾಲು ಗಂಟೆ. ಅಷ್ಟು ಹೊತ್ತು ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅಜ್ಜಿ ಕೂಡ. ಆಮೇಲೆಯೇ ಅವಳ ಬಾಯಿಗೆ ದಿನದ ಮೊದಲ ತುತ್ತು.

ಆ ಮನೆಯಲ್ಲಿ ಅವ್ವನದು ಎಂಬುದು ಏನಿತ್ತು? ಹೊಲ ಅಜ್ಜನ ಹೆಸರಿನಲ್ಲಿತ್ತು. ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಸೀರೆಯ ಬಣ್ಣವನ್ನೂ ಅಪ್ಪನೇ ಆರಿಸಿ ತರುತ್ತಿದ್ದರು. ಕೊರಳಿನ ಲಿಂಗ ಒಂದು ಅವಳದಾಗಿತ್ತು. ಅದಕ್ಕೆ ಪೂಜಾರಿ ಬೇಡ, ಗುಡಿ ಬೇಡ, ಗಂಡನ ಅಪ್ಪಣೆ ಬೇಡ. ಮುಟ್ಟಾದ ದಿನಗಳಲ್ಲಿ ದೂರ ಕೂರುವ ಮಾತೂ ಇಲ್ಲ, ಏಕೆಂದರೆ ಶರಣರು ಮುಟ್ಟು, ಹೆರಿಗೆ, ಸಾವು, ಜಾತಿ, ಎಂಜಲು ಎಂಬ ಪಂಚಸೂತಕಗಳನ್ನೇ ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿನ ಅಂಗೈಗೆ ಗಂಡಿನದೇ ಲಿಂಗ ಬಂತು ಎಂದು ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಅದೇ ಲಿಂಗವನ್ನು ಅಂಗೈಯಲ್ಲಿ ಹಿಡಿದವಳು ನಮ್ಮ ಹಿತ್ತಿಲ ಬಾಗಿಲಲ್ಲಿ ದಿನವೂ ಕುಳಿತಿರುತ್ತಿದ್ದಳು. ಅವಳನ್ನು ದಾಟಿಕೊಂಡೇ ನಾನು ಬಚ್ಚಲಿಗೆ ಹೋಗಿಬರುತ್ತಿದ್ದೆ.

ಇನ್ನು ಆ ವಚನ. ಕಾಯಕದ ಮುಂದೆ ಲಿಂಗಪೂಜೆಯನ್ನೂ ಮರೆಯಬೇಕು ಎಂದು ನಾನು ಹೇಳಿದ್ದು ಯಾರಿಗೆ? ಬೆಳಗ್ಗೆ ಐದರಿಂದ ಕಾಯಕದಲ್ಲೇ ಇದ್ದು, ಪೂಜೆಯನ್ನು ಹನ್ನೊಂದರವರೆಗೆ ಮುಂದೂಡಿದವಳಿಗೆ. ಮಾರಯ್ಯ ಹೇಳಿದ್ದನ್ನು ಅವಳು ದಿನವೂ ನಡೆಸುತ್ತಿದ್ದಳು. ಹೇಳಿದವಳು ಆ ವಾರವಿಡೀ ಒಂದು ರೊಟ್ಟಿಯನ್ನೂ ತಟ್ಟಿರಲಿಲ್ಲ. ಅದೇ ಮಾರಯ್ಯ ಒಮ್ಮೆ ಕಲ್ಯಾಣ ಪಟ್ಟಣದಲ್ಲಿ ಬಸವಣ್ಣನ ಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಎಂದಿಗಿಂತ ಹೆಚ್ಚು ಆಯ್ದು ತಂದಾಗ, "ಈಸಕ್ಕಿಯಾಸೆ ನಿಮಗೇಕೆ" ಎಂದು ಅವನನ್ನು ತಡೆದವಳು ಹೆಂಡತಿ ಲಕ್ಕಮ್ಮ. ಮನೆಗೆ ಎಷ್ಟು ಅಕ್ಕಿ ಬೇಕೆಂಬ ಲೆಕ್ಕ ಅವಳಿಗೆ ಗೊತ್ತಿತ್ತು. ನಾನು ಪಂಕ್ತಿಯಲ್ಲಿ ಗಂಡನ ವಚನ ಹೇಳಿದೆ. ಹೆಂಡತಿಯ ವಚನದ ನೆನಪು ಬಂದದ್ದು ಎಷ್ಟೋ ವರ್ಷಗಳ ಮೇಲೆ, ನನ್ನದೇ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕುಳಿತಾಗ.

ಇನ್ನೂ ಒಂದು ಇದೆ, ಎಲ್ಲಕ್ಕಿಂತ ತಡವಾಗಿ ತಿಳಿದದ್ದು. "ಪೂಜೆ ಆಯಿತೇನು?" ಎಂದು ಅವ್ವ ದಿನವೂ ಕೇಳುತ್ತಿದ್ದಳಲ್ಲ, ನಾನು ಅದನ್ನು ವಿಚಾರಣೆ ಎಂದುಕೊಂಡಿದ್ದೆ. ಪೂಜೆಯಾಗದೆ ಉಣ್ಣದ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ: ತಾಟು ಹಚ್ಚಲೇ? ಬಿಸಿ ರೊಟ್ಟಿ ಹಂಚಿನ ಮೇಲಿದೆ, ಬರುತ್ತೀಯಾ? ಅವಳು ಕೇಳಿದ್ದು ನನ್ನ ಹಸಿವನ್ನು.

ಆ ದಿನದ ನಂತರ ಅವಳು ಕೇಳುವುದನ್ನು ನಿಲ್ಲಿಸಿದಳು. ಪೂಜೆಯನ್ನಷ್ಟೇ ಅಲ್ಲ, ಏನನ್ನೂ ಕೇಳಲಿಲ್ಲ. ಮಾತು ಬಿಡಲಿಲ್ಲ, ನೆನಪಿರಲಿ. ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು. ಕೂಸಿಗೆ ಎಣ್ಣೆ ಹಚ್ಚುತ್ತಾ ಕೂಸಿನೊಂದಿಗೆ ಗಂಟೆಗಟ್ಟಲೆ ಮಾತನಾಡಿದಳು. ಹುಬ್ಬಳ್ಳಿಯಿಂದ ನಾನು ಫೋನ್ ಮಾಡಿದರೆ ಮಳೆ, ಬೆಳೆ, ಯಾರಿಗೆ ಹೆರಿಗೆಯಾಯಿತು ಎಲ್ಲ ಹೇಳುತ್ತಿದ್ದಳು. ಊಟ ಆಯಿತೇ, ಹೇಗಿದ್ದೀಯ, ಯಾವಾಗ ಬರುತ್ತೀಯ ಎಂಬ ಒಂದು ಪ್ರಶ್ನೆಯೂ ಇಲ್ಲ. ಕೇಳಿದರೆ ಮಗಳು ಏನು ಉತ್ತರ ಕೊಡುತ್ತಾಳೋ ಎಂಬ ಭಯ ಅವಳಲ್ಲಿ ಕುಳಿತುಬಿಟ್ಟಿತ್ತು. ತಾಯಿ ಪ್ರಶ್ನೆ ಕೇಳದ ಮನೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

2009ರಲ್ಲಿ ಅಪ್ಪ ಲಿಂಗೈಕ್ಯರಾದರು. ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವರ ಲಿಂಗವನ್ನು ಇಡುವಾಗ ಅಪ್ಪನ ಕರಡಿಗೆಯನ್ನು ಬಿಚ್ಚಿದವಳು ಅವ್ವ. ಆಗಲೇ ಅವಳ ಕೈ ನಡುಗುತ್ತಿತ್ತು. ದುಃಖಕ್ಕೆ ಎಂದುಕೊಂಡೆವು. ತಿಂಗಳು ಕಳೆದರೂ ನಡುಕ ನಿಲ್ಲಲಿಲ್ಲ. ಹುಬ್ಬಳ್ಳಿಗೆ ಕರೆತಂದು ತೋರಿಸಿದೆವು, ಮಾತ್ರೆ ಶುರುವಾಯಿತು, ಅವಳು ನನ್ನ ಮನೆಯಲ್ಲೇ ಉಳಿದಳು.

ಅಲ್ಲಿ ಒಂದು ಬೆಳಗ್ಗೆ ಪೂಜೆಯ ನಡುವೆ ಲಿಂಗ ಅವಳ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಮಡಿಲಿಗೇ ಬಿದ್ದದ್ದು, ನೆಲಕ್ಕಲ್ಲ. ಆದರೂ ಅವಳ ಮುಖ ಬಿಳಿಚಿಕೊಂಡಿತು. ಮರುದಿನ ಅವಳು ಕುಳಿತಾಗ ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳ ಎಡಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಅವಳು ಕರೆದಿರಲಿಲ್ಲ, ಬೇಡ ಎನ್ನಲೂ ಇಲ್ಲ. ದೊಡ್ಡ ನೇರಳೆ ಹಣ್ಣಿನಷ್ಟು ಗಾತ್ರದ ಕಪ್ಪು ಲಿಂಗ, ಮೇಲಿನ ಹೊಳಪು ಹೆಬ್ಬೆರಳು ತಾಗುವ ಕಡೆ ಸವೆದಿತ್ತು. ನಡುಕ ಅವಳ ಕೈಯಿಂದ ನನ್ನ ಕೈಗೆ ಇಳಿಯುತ್ತಿತ್ತು. ಗಿಂಡಿಯ ನೀರು ಅವಳ ಬೆರಳ ಸಂದಿಯಿಂದ ನನ್ನ ಮುಂಗೈಗೆ ಹರಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ನಾನು ಕಣ್ಣು ಮುಚ್ಚಲಿಲ್ಲ, ಮಂತ್ರ ಹೇಳಲಿಲ್ಲ. ಕೈ ಹಿಡಿದು ಕುಳಿತೆ, ಅಷ್ಟೇ.

ಹೀಗೆ ಎಂಟು ಹತ್ತು ದಿನ ಕಳೆದಿರಬೇಕು. ಪೂಜೆ ಮುಗಿಸಿ ಲಿಂಗವನ್ನು ಬಟ್ಟೆಯಲ್ಲಿ ಸುತ್ತುತ್ತಾ ಅವ್ವ, "ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ? ಚಹಾ ಕುಡಿದಿಲ್ಲವೇನು?" ಎಂದಳು.

ಹನ್ನೊಂದು ವರ್ಷಗಳ ಮೇಲೆ ಬಂದ ಮೊದಲ ಪ್ರಶ್ನೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಅವಳ ಟ್ರಂಕಿನಿಂದ ನನ್ನ ಕರಡಿಗೆ ಹೊರಬಂತು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಪೂಜಿಸುವ ವಾಡಿಕೆ ನಮ್ಮಲ್ಲಿಲ್ಲ. ಹಾಗಾಗಿ ಅವಳು ಪೂಜೆ ಮಾಡಿರಲಿಲ್ಲ. ಸೋಮವಾರಕ್ಕೊಮ್ಮೆ ಬೆಳ್ಳಿಯನ್ನು ಮಾತ್ರ ವಿಭೂತಿಯಿಂದ ತಿಕ್ಕಿ ಒರೆಸಿ ಇಡುತ್ತಿದ್ದಳಂತೆ. ಫಳಫಳ ಹೊಳೆಯುತ್ತಿತ್ತು. ನಾನು ಅದನ್ನು ಮತ್ತೆ ಕಟ್ಟಿಕೊಳ್ಳಲಿಲ್ಲ. ಇದನ್ನು ನಿಮಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇಂಥ ಕಥೆಗಳನ್ನು ಹೇಳುವವರು ಕೊನೆಗೆ ನಂಬಿಕೆ ಮರಳಿ ಬಂತು ಎನ್ನುತ್ತಾರೆ. ನನಗೆ ಬರಲಿಲ್ಲ. ಅವ್ವನೂ ಕೊನೆಯವರೆಗೆ ಒಪ್ಪಲಿಲ್ಲ. "ಇರಲಿ, ನಿನಗೆ ಇನ್ನೂ ವಯಸ್ಸಿದೆ, ತಿಳಿಯುತ್ತದೆ" ಎನ್ನುತ್ತಿದ್ದಳು. ಏಳು ವರ್ಷ ನನ್ನ ಕೈ ಅವಳ ಕೈಯ ಕೆಳಗಿತ್ತು. ಆ ಕಾಲು ಗಂಟೆಯಲ್ಲಿ ತನ್ನ ತವರಿನ ಕಥೆ, ನಾನು ಹುಟ್ಟುವ ಮೊದಲು ಕಳೆದುಕೊಂಡ ಕೂಸಿನ ಕಥೆ, ಅಪ್ಪನ ಮೇಲಿನ ಸಿಟ್ಟು, ಎಲ್ಲ ಹೇಳಿದಳು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೇಗೆ ಹೇಳಿದರೆ ಅಮ್ಮ ಒಪ್ಪುತ್ತಾರೆ ಎನ್ನುತ್ತೀರಿ. ಅವರ ಒಪ್ಪಿಗೆ ಯಾಕೆ ಬೇಕು? ಅವರ ನಂಬಿಕೆಯನ್ನು ನೀವು ಒಪ್ಪಿದ್ದೀರಾ? ಇಲ್ಲವಲ್ಲ. ಒಪ್ಪದೆಯೂ ಅವರ ಕೈಯ ಅನ್ನ ಉಣ್ಣುತ್ತೀರಿ. ಅವರೂ ಒಪ್ಪದೆಯೇ ನಿಮಗೆ ಬಡಿಸಲಿ ಬಿಡಿ. "ಹೇಳಿಬಿಡಬೇಕು" ಎಂಬ ಆ ತುರ್ತು ಪ್ರಾಮಾಣಿಕತೆಯದು ಎಂದು ನಾನೂ ನಂಬಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಗೆಲ್ಲಬೇಕೆಂಬ ಹಟವಾಗಿತ್ತು.

ಹಾಗೆಂದು ನಟನೆ ಮುಂದುವರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. "ಆಯಿತವ್ವ" ಎಂದು ನಾನು ಹೇಳಿದ ಸುಳ್ಳು ದಿನದಿನಕ್ಕೆ ಹುಳಿಯಾಗಿ ಕೊನೆಗೆ ಆ ಪಂಕ್ತಿಯಲ್ಲಿ ಉಕ್ಕಿತು. ಇಂದಿನಿಂದಲೇ ನಿಲ್ಲಿಸಿ. ಆದರೆ ಅವರ ಪೂಜೆಯ ಸುತ್ತ ಇರುವ ಕೆಲಸವನ್ನು ನೀವು ಎತ್ತಿಕೊಳ್ಳಿ. ಪತ್ರಿ ಹರಿದು ತನ್ನಿ, ಗಿಂಡಿ ತೊಳೆದು ಇಡಿ, ಅವರು ಕುಳಿತಾಗ ಒಲೆಯ ಮೇಲಿನ ಹಾಲು ನೋಡಿಕೊಳ್ಳಿ. ಅವರಿಗೆ ದಿನದಲ್ಲಿ ತಮ್ಮದೇ ಎನ್ನುವ ಹೊತ್ತು ಎಷ್ಟಿದೆ ಎಂದು ಒಂದು ವಾರ ಗಮನಿಸಿ. ಯಾವುದೋ ವಿಚಾರವಾದಿಯ ಭಾಷಣದ ವಿಡಿಯೊ ತೋರಿಸಲೇ ಎಂದೂ ಕೇಳಿದ್ದೀರಿ. ಬೇಡ. ನಾನು ಮಾರಯ್ಯನ ವಚನವನ್ನು ತಂದಂತೆ ನೀವು ಆ ವಿಡಿಯೊವನ್ನು ತರುತ್ತಿದ್ದೀರಿ.

ಅವರಾಗಿಯೇ ಕೇಳುತ್ತಾರೆ. ಆಗ "ಇಲ್ಲಮ್ಮ, ನನ್ನಿಂದ ಆಗುತ್ತಿಲ್ಲ" ಎಂದಷ್ಟೇ ಹೇಳಿ. ಕಾರಣ ಕೊಡಬೇಡಿ. ಅಳಬಹುದು, ಬೈಯಬಹುದು, ಬುದ್ಧಿ ಹೇಳಿಸಲು ಅಯ್ಯನವರನ್ನೇ ಕರೆಸಬಹುದು. ಅವರಿಗೆ ಎದುರು ಮಾತನಾಡದೆ ಚಹಾ ಮಾಡಿಕೊಡಿ. ಕರಡಿಗೆ ಬಿಚ್ಚುವುದೇ ಆದರೆ ಕೆಳಗೆ ಮಾತ್ರ ಇಡಬೇಡಿ. ಎರಡೂ ಕೈಯಿಂದ ಅಮ್ಮನ ಕೈಗೇ ಕೊಡಿ.